ಇದಿನಬ್ಬರ ಹೆಸರಿನ ಉಮ್ರಾ

ಉಪ್ಪನ, ಅಂದರೆ ನನ್ನ ತಂದೆಯ, ಹೆಸರಿನಲ್ಲಿ ಉಮ್ರಾ ಮಾಡಿ ಬಂದೆವೆಂದು ಸುಹೈಲ್ ಭಾಯ್ ಝಮ್‌ಝಮ್ ನೀರಿನ ಬಾಟಲಿಯನ್ನೂ ಒಂದು ಡಬ್ಬಿ ಖರ್ಜೂರವನ್ನೂ ನಮ್ಮ ಬಾಗಿಲಲ್ಲಿ ಕೊಟ್ಟಾಗ, ಉಪ್ಪ ಅಳಿವೆಪೇಟೆಯ ಮನೆಯಲ್ಲಿ ಕುಳಿತು ಗಂಜಿಗೆ ಮಾವಿನ ಉಪ್ಪಿನಕಾಯಿ ನೆಂಜಿಕೊಳ್ಳುತ್ತಿದ್ದರು. ನನಗೆ ಅದು ಗೊತ್ತಿತ್ತು, ಏಕೆಂದರೆ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನ ವಿಡಿಯೋದಲ್ಲಿ ಅವರು ನನ್ನೊಡನೆ ಮಾತಾಡುತ್ತಲೇ ಇದ್ದರು.

ಸುಹೈಲ್ ಭಾಯ್ ತಲೆ ತಗ್ಗಿಸಿ, ಅಲ್ಲಾಹು ಅವರ ಕಬರನ್ನು ವಿಶಾಲ ಮಾಡಲಿ ಎಂದು ಹಾರೈಸಿ ಮೆಟ್ಟಿಲು ಹತ್ತಿ ಹೋದರು. ನಾನು ಬಾಟಲಿ ಹಿಡಿದುಕೊಂಡು ಒಳಗೆ ಬಂದೆ.

"ಯಾರದ್ದು ಮಗಾ ಕಬರು?" ಎಂದು ಉಪ್ಪ ಫೋನಿನಿಂದ ಕೇಳಿದರು.

ಯಾರದ್ದೋ ಎಂದೆ. ಸಾರು ಉಕ್ಕುತ್ತಿದೆ ಎಂದು ಹೇಳಿ ಫೋನ್ ಇಟ್ಟೆ.

ಸತ್ತವರ ಹೆಸರಿನಲ್ಲಿ ಮಕ್ಕಾ ಯಾತ್ರೆಯಾದ ಉಮ್ರಾ ಮಾಡಿ ಅವರ ಮನೆಯವರಿಗೆ ಅಲ್ಲಿಯ ಪವಿತ್ರ ಬಾವಿಯ ಝಮ್‌ಝಮ್ ಮುಟ್ಟಿಸುವುದು ಇಲ್ಲಿರುವ ನಮ್ಮ ಬ್ಯಾರಿಗಳ ರೂಢಿ. ನಾವಿರುವ ಖಮೀಸ್ ಮುಶೈತ್‌ನಿಂದ ಮಕ್ಕಾಕ್ಕೆ ರಾತ್ರಿಯಿಡೀ ಬಸ್ಸಿನ ದಾರಿ. ಊರಿನಿಂದ ಬರಲಾಗದೆ ತೀರಿಕೊಂಡವರ ಹೆಸರು ಹಿಡಿದು ಹೋಗಿ ಬರುವವರು ಯಾವಾಗಲೂ ಯಾರಾದರೂ ಇರುತ್ತಾರೆ. ಈ ವರ್ಷ ನಮ್ಮ ಅಳಿವೆಪೇಟೆ ಬಳಗದವರು ಊರಿನ ಸೈನಿಕರನ್ನು ನೆನೆಯುವ ಒಂದು ಸಂಜೆ ಇಟ್ಟುಕೊಂಡಿದ್ದರು. ಬರ್ಮಾದ ಯುದ್ಧಕ್ಕೆ ಹೋದವರಿಂದ ಹಿಡಿದು ಎಪ್ಪತ್ತೊಂದರ ಯುದ್ಧಕ್ಕೆ ಹೋದವರವರೆಗೆ ಎಲ್ಲರ ಫೋಟೋ, ಎಲ್ಲರ ಬಗ್ಗೆ ಎರಡು ಮಾತು. ಅದಕ್ಕೆ ಮೊದಲು ಮುಸ್ಲಿಂ ಸೈನಿಕರ ಹೆಸರಿನಲ್ಲಿ ಒಂದೊಂದು ಮನೆಯವರು ಒಂದೊಂದು ಉಮ್ರಾ ಮಾಡುವುದು ಎಂದಾಗಿತ್ತು. ಹಾಗೆ ಬಸ್ಸು ಹೋಗಿ ಬಂತು. ಆ ಹೆಸರುಗಳಲ್ಲಿ ನನ್ನ ಉಪ್ಪನದೂ ಒಂದು ಎಂಬುದು ಬಾಟಲಿ ಕೈಗೆ ಬಂದಾಗಲೇ ನನಗೆ ತಿಳಿದದ್ದು.

ಬಳಗದ ಅಧ್ಯಕ್ಷರಾದ ಸುಹೈಲ್ ಭಾಯ್ ನಮ್ಮ ಊರಿನವರಲ್ಲ. ಗಂಗೊಳ್ಳಿಯವರು, ಝೀನತ್‌ಳನ್ನು ಮದುವೆಯಾಗಿ ನಮ್ಮ ಊರಿಗೆ ಸೇರಿದವರು. ಯಾರು ಇದ್ದಾರೆ, ಯಾರು ಹೋದರು ಎಂದು ಅವರು ಹೆಂಡತಿಯನ್ನೇ ಕೇಳಿರಬೇಕು. ಆದರೆ ಝೀನತ್ ನಮ್ಮ ಬೀದಿಯವಳು. ಕಳೆದ ರಜೆಯಲ್ಲಿ ಮೀನು ಮಾರ್ಕೆಟ್ಟಿನಲ್ಲಿ ಉಪ್ಪ ಅವಳ ಎದುರಿಗೇ ಬಂಗುಡೆ ಆರಿಸುತ್ತಿದ್ದರು. ಅವಳು ಮುಖ ತಿರುಗಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಸಂಜೆ ನನ್ನ ಗಂಡ ಶಫೀಕ್ ಅಂಗಡಿಯಿಂದ ಬರುವಷ್ಟರಲ್ಲಿ ಬಳಗದ ವಾಟ್ಸಾಪಿನಲ್ಲಿ ಸಂತಾಪ ತುಂಬಿ ಹೋಗಿತ್ತು. ಸೈನಿಕರ ಫೋಟೋಗಳನ್ನು ಹಾಕಿದ್ದರು, ಉಪ್ಪನ ಫೋಟೋದ ಕೆಳಗೆ 'ಮರ್ಹೂಂ ಇದಿನಬ್ಬ' ಎಂದಿತ್ತು. ಮರ್ಹೂಂ ಎಂದರೆ ನಮ್ಮಲ್ಲಿ ತೀರಿಕೊಂಡವರ ಹೆಸರಿಗೆ ಮೊದಲು ಸೇರಿಸುವ ಮಾತು. ನನ್ನ ಉಪ್ಪ ಬದುಕಿದ್ದಾರೆ, ದಯವಿಟ್ಟು ತಿದ್ದಿ ಎಂದು ಬರೆದೆ. ಹಾಗಾದರೆ ಫೋಟೋ ಹಾಕಿ ಎಂದು ಒಬ್ಬರು ಬರೆದರು. ಗಂಜಿ ಬಟ್ಟಲಿನ ಮುಂದೆ ಕುಳಿತ ಉಪ್ಪನ ಚಿತ್ರ ಹಾಕಿದೆ. ಅದಕ್ಕೆ ಝೀನತ್‌ಳ ತಮ್ಮ ತಾನಿರುವ ಅಲ್ ಖರ್ಜ್ ಪಟ್ಟಣದಿಂದ ಉತ್ತರ ಕೊಟ್ಟ: ಈಗಿನ ಎಐಯಲ್ಲಿ ಸತ್ತವರೂ ಗಂಜಿ ಕುಡಿಯುತ್ತಾರೆ. ಅದರ ಕೆಳಗೆ ನಗುವ ಮುಖಗಳ ಸಾಲು. ಅವುಗಳಲ್ಲಿ ನಾನು ಬಾಣಂತನ ಮಾಡಿದ ಹೆಂಗಸಿನದೂ ಒಂದಿತ್ತು.

ಶಫೀಕ್ ಓದಿ ಫೋನ್ ಮಗುಚಿಟ್ಟರು. "ಎಂತ ಮಾಡುವುದು ಮಾರಾಯ್ತಿ? ಅವರ ಬಾಯಿಗೆ ಬೀಳುವುದು ಬೇಡ. ತಪ್ಪಾಗಿದೆ, ಬಿಡು."

ತಪ್ಪಾಗಿರಲಿಲ್ಲ. ನನಗೆ ಅದರ ಕಾರಣ ಗೊತ್ತಿತ್ತು.

ಎಪ್ಪತ್ತೊಂದರಲ್ಲಿ ನಮ್ಮ ಊರಿನಿಂದ ಇಬ್ಬರು ಯುವಕರು ಸೈನ್ಯದಲ್ಲಿದ್ದರು. ಒಬ್ಬರು ಲಾರಿ ಓಡಿಸುತ್ತಿದ್ದ ನನ್ನ ಉಪ್ಪ, ಇನ್ನೊಬ್ಬರು ಝೀನತ್‌ಳ ದೊಡ್ಡಪ್ಪ ಹಮ್ಮಬ್ಬ. ಹಮ್ಮಬ್ಬ ಹಿಂದೆ ಬರಲಿಲ್ಲ. ಸೇವೆಯಲ್ಲಿರುವಾಗ ತೀರಿಕೊಂಡರು ಎಂದು ತಂತಿ ಬಂತು. ಯುದ್ಧದ ದಿನಗಳು. ಸಂಜೆಯೊಳಗೆ ಊರು ಅದಕ್ಕೆ ಗುಂಡು ಸೇರಿಸಿತು, ಮರುದಿನ ಗುಂಡು ಎದೆಗೇ ಬಿತ್ತು, ವಾರದಲ್ಲಿ ಅವರು ಶತ್ರುವಿನ ಬಂಕರಿಗೆ ನುಗ್ಗಿದ್ದರು. ಬಂದರಿನ ರಸ್ತೆಯ ವಾಚನಾಲಯಕ್ಕೆ ಹುತಾತ್ಮ ಹಮ್ಮಬ್ಬ ವಾಚನಾಲಯ ಎಂದು ಹೆಸರಿಟ್ಟರು. ಆಮೇಲೆ ಉಪ್ಪ ರಜೆಯಲ್ಲಿ ಬಂದರು. ಮೊದಲು ಹೋದದ್ದು ಹಮ್ಮಬ್ಬನ ಉಮ್ಮನ ಬಳಿಗೆ. ಅವರು ಕೇಳಿದರು, ಇವರು ಹೇಳಿದರು: ನಿಮ್ಮ ಮಗನಿಗೆ ಕಾಮಾಲೆಯಾಗಿತ್ತು, ಗುಂಡು ತಗಲಲಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ ಹೋದ. ಬಾಗಿಲ ಆಚೆ ನಿಂತ ನೆಂಟರು ಅದನ್ನು ಕೇಳಿಸಿಕೊಂಡರು. ಅಂದಿನಿಂದ ಆ ಮನೆಯವರು ನಮ್ಮ ಮದುವೆಗೆ ಬಂದಿಲ್ಲ, ನಾವು ಕೊಟ್ಟ ಪೆರ್ನಾಲ್ ಹಬ್ಬದ ತಿಂಡಿ ಮುಟ್ಟಿಲ್ಲ. ಇದಿನಬ್ಬನಿಗೆ ಹೊಟ್ಟೆಕಿಚ್ಚು, ವೀರನನ್ನು ಹಾಸಿಗೆಯಲ್ಲಿ ಮಲಗಿಸಿ ಕೊಂದ ಎಂದು ನನ್ನ ಶಾಲೆಯ ದಾರಿಯಲ್ಲಿ ಕೂಗುತ್ತಿದ್ದರು. ಕೂಗುವವರಲ್ಲಿ ಎರಡು ಜಡೆ ಹಾಕಿದ ಝೀನತ್ ಮುಂದಿರುತ್ತಿದ್ದಳು.

ಉಪ್ಪ ಆಮೇಲೆ ಆ ವಿಷಯ ಎಲ್ಲಿಯೂ ಬಾಯಿ ಬಿಟ್ಟವರಲ್ಲ. ಆದರೂ ಬದುಕಿರುವವರು ಯಾವತ್ತಾದರೂ ಮಾತಾಡಬಹುದು. ಸತ್ತವರ ಫೋಟೋದಿಂದ ಆ ಭಯವಿಲ್ಲ.

ಮರುದಿನ ಮಗಳು ಇಸ್ರಾ ಶಾಲೆಗೆ ಹೋದ ಮೇಲೆ, ಬಟ್ಟೆ ಮೆಷಿನ್ನಿಗೆ ಹಾಕಿ, ಬಾಟಲಿಯನ್ನು ತೆಗೆದುಕೊಂಡು ಮೇಲಿನ ಮಹಡಿಯ ಝೀನತ್‌ಳ ಮನೆಗೆ ಹೋದೆ. ಅವಳು ಮೀನು ಹುರಿಯುತ್ತಿದ್ದಳು. ಕೂರಲು ಹೇಳಲಿಲ್ಲ. ಝೀನತ್ ನನ್ನೊಡನೆ ಬ್ಯಾರಿ ಭಾಷೆಯಲ್ಲಿ ಮಾತಾಡುವುದಿಲ್ಲ. ಊರಿನಲ್ಲಿ ತಾಲೂಕು ಕಚೇರಿಯವರೊಡನೆ ಮಾತಾಡುವ ಹಾಗೆ ಕನ್ನಡದಲ್ಲಿ, 'ನೀವು' ಎಂದು ಮಾತಾಡುತ್ತಾಳೆ. ಖಮೀಸಿಗೆ ಬಂದ ಮೇಲೆ ನಾನು ಎಷ್ಟು ಸಲ ನಮ್ಮ ಭಾಷೆಯಲ್ಲಿ ಮಾತು ತೆಗೆದರೂ ಉತ್ತರ ಕನ್ನಡದಲ್ಲೇ ಬಂದಿದೆ. ಅವತ್ತು ನಾನೂ ಕನ್ನಡದಲ್ಲೇ ಆರಂಭಿಸಿದೆ.

"ಇದು ನಿಮ್ಮದು. ನನ್ನ ಉಪ್ಪ ಸತ್ತಿಲ್ಲ."

ಅವಳು ಬಾಟಲಿಯ ಕಡೆ ನೋಡಲಿಲ್ಲ. ಮೀನು ಮಗುಚಿದಳು.

"ಬದುಕಿದ್ದರೆ ಒಳ್ಳೆಯದೇ. ಇಟ್ಟುಕೊಳ್ಳಿ. ಬೇಕಾದೀತು."

ನಮ್ಮವರು ಪ್ರಾಣ ಹೋಗುವವರ ತುಟಿಗೆ ಝಮ್‌ಝಮ್ ಹನಿಸುತ್ತಾರೆ. ಅವಳು ಏನು ಹೇಳಿದಳೆಂದು ಇಬ್ಬರಿಗೂ ಗೊತ್ತಿತ್ತು. ನಾನು ಬಾಟಲಿಯನ್ನು ಅವಳ ಮೇಜಿನ ಮೇಲಿಟ್ಟೆ. ಅವಳು ಅದನ್ನು ಮತ್ತೆ ನನ್ನ ಕಡೆಗೆ ಸರಿಸಿದಳು. ಬ್ಯಾನರಿನಲ್ಲಿ ಮರ್ಹೂಂ ಎಂದು ಇರಕೂಡದು, ಉಪ್ಪನನ್ನು ಕಾರ್ಯಕ್ರಮದ ದಿನ ವಿಡಿಯೋದಲ್ಲಿ ಕರೆಯಬೇಕು, ಊರಿನ ಸೈನಿಕರಲ್ಲಿ ಉಳಿದವರು ಅವರೊಬ್ಬರೇ ಎಂದೆ.

"ಬ್ಯಾನರ್ ಪ್ರಿಂಟ್ ಆಗಿದೆ."

"ಹಾಗಾದರೆ ಫೋನ್ ಮಾಡಿ ಕರೆಯಿರಿ."

ಅವಳು ಒಲೆ ಆರಿಸಿದಳು. ದನಿ ಏರಿಸಲಿಲ್ಲ. "ನನ್ನ ಅಜ್ಜಿ ಸಾಯುವವರೆಗೂ ಯಾರೊಡನೆಯೂ ನಗಲಿಲ್ಲ, ಗೊತ್ತುಂಟಾ? ಮಗ ಹೋದದ್ದಕ್ಕಲ್ಲ. ನಿಮ್ಮ ಉಪ್ಪ ಬಂದು ಹೇಳಿದ್ದಕ್ಕೆ. ಅಷ್ಟೂ ಜನರ ಎದುರು ಅವರು ಮತ್ತೆ ಕಾಮಾಲೆ ಎಂದರೆ, ನಾನು ಮೈಕ್ ಕೀಳುತ್ತೇನೆ. ಫೋಟೋನೂ ಕೆಳಗಿಳಿಸುತ್ತೇನೆ. ನೀವೂ ನಿಮ್ಮ ಉಪ್ಪನೂ ಸೇರಿ ಕಾರ್ಯಕ್ರಮ ಮಾಡಿಕೊಳ್ಳಿ."

ಬಾಟಲಿ ಹಿಡಿದುಕೊಂಡೇ ಕೆಳಗೆ ಬಂದೆ. ಮೆಷಿನ್ನಿನಲ್ಲಿ ಶಫೀಕ್‌ರ ಬಿಳಿ ಅಂಗಿಗೆ ಇಸ್ರಾಳ ಕಾಲುಚೀಲದ ನೀಲಿ ಹಿಡಿದಿತ್ತು. ಬ್ಲೀಚಿನಲ್ಲಿ ನೆನೆಹಾಕಿ ಅಲ್ಲೇ ಕುಳಿತು ಅತ್ತೆ.

ಅಷ್ಟರಲ್ಲಿ ಸುದ್ದಿ ಊರಿಗೂ ಮುಟ್ಟಿತ್ತು. ಸಂಜೆ ಉಪ್ಪ ತಾವೇ ಫೋನ್ ಮಾಡಿದರು. ಪಕ್ಕದ ಮನೆಯವರು ಸಂತಾಪ ಹೇಳಲು ಬಂದು, ಬಾಗಿಲು ತೆರೆದವರು ಉಪ್ಪನೇ ಆದ್ದರಿಂದ ಬೆವರಿ ಹೋದರಂತೆ. ಅವರನ್ನು ಕೂರಿಸಿ ಚಾ ಕೊಟ್ಟು ಕಳಿಸಿದೆ ಎಂದು ಉಪ್ಪ ನಕ್ಕರು. "ಪೆನ್ಶನಿಗೆ ವರ್ಷ ವರ್ಷ ಬ್ಯಾಂಕಿಗೆ ಹೋಗಿ ನಾನು ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ಬರುತ್ತೇನೆ. ಇನ್ನು ಖಮೀಸಿಗೂ ಬಂದು ಒತ್ತಬೇಕಾ?"

ನನಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಯಾರು ಉಮ್ರಾ ಮಾಡಿದ್ದು ಎಂದು ಕೇಳಿದರು. ಹಮ್ಮಬ್ಬರ ಹೆಸರಿನದ್ದನ್ನು ಝೀನತ್, ನಿಮ್ಮ ಹೆಸರಿನದ್ದನ್ನು ಅವಳ ಗಂಡ ಎಂದೆ. ಬದುಕಿರುವವನ ಹೆಸರಿನಲ್ಲಿ ಅವನನ್ನು ಕೇಳದೆ ಮಾಡಿದ ಉಮ್ರಾ ಅವನಿಗೆ ಸೇರುವುದಿಲ್ಲ, ಮಾಡಿದವನಿಗೇ ಸೇರುತ್ತದೆ ಎಂದು ಮಸೀದಿಯ ಉಸ್ತಾದರು ಹೇಳಿದ್ದರಂತೆ. "ಆ ಹುಡುಗನಿಗೆ ಹೇಳು, ನಷ್ಟವೇನೂ ಆಗಲಿಲ್ಲ" ಎಂದರು.

"ಉಪ್ಪಾ, ನಿಮಗೆ ಸಿಟ್ಟು ಬರುವುದಿಲ್ಲವಾ?"

"ಬರುತ್ತದೆ. ನಾನು ಸಾಯುವುದಕ್ಕೆ ಅವರು ಕಾಯಬಹುದಿತ್ತು. ಹೆಚ್ಚು ದಿನ ಇಲ್ಲ." ಆಮೇಲೆ ಬೇರೆ ದನಿಯಲ್ಲಿ ಕೇಳಿದರು: "ಕರೆದರೆ ನಾನು ಎಂತ ಹೇಳಬೇಕು ಮಗಾ?"

ನಾನು ಹಿಟ್ಟು ಕಲಸುತ್ತಿದ್ದೆ. ಹೇಳಿಬಿಡಿ ಎನ್ನಬಹುದಿತ್ತು. ನಮ್ಮ ಮನೆ ಇಷ್ಟು ವರ್ಷ ನುಂಗಿದ ಅವಮಾನವನ್ನೆಲ್ಲ ಒಂದೇ ಮಾತಿನಲ್ಲಿ ಝೀನತ್‌ಳ ಮನೆಯವರ ತಲೆಯ ಮೇಲೆ ಮಗುಚಬಹುದಿತ್ತು. ನಗುವ ಮುಖ ಹಾಕಿದವರೆಲ್ಲ ಆ ಕಾರ್ಯಕ್ರಮದಲ್ಲೇ ಇರುತ್ತಾರೆ. ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು.

"ನಿಮಗೆ ಎಂತ ನೆನಪುಂಟೋ ಅದು" ಎಂದೆ.

ಶುಕ್ರವಾರ ಸಂಜೆ ಊರಾಚೆಯ ಇಸ್ತಿರಾಹಾದಲ್ಲಿ ಕಾರ್ಯಕ್ರಮ. ಇಸ್ತಿರಾಹಾ ಎಂದರೆ ಇಲ್ಲಿಯವರು ಕೂಟಗಳಿಗೆ ಬಾಡಿಗೆಗೆ ಕೊಡುವ ತೋಟದ ಮನೆ. ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ನಡುವೆ ಪರದೆ, ಆಚೆ ಗಂಡಸರು, ಈಚೆ ಹೆಂಗಸರು, ಮಕ್ಕಳು ಎರಡೂ ಕಡೆ. ನಾನು ಬಿರಿಯಾನಿಯ ಪಾತ್ರೆ ಇಳಿಸುವಾಗ ಯಾರೂ ಕೈ ಕೊಡಲಿಲ್ಲ. ಒಬ್ಬಳು, ಇವತ್ತು ಮನೆಯಲ್ಲಿ ಮಯ್ಯಿತ್ ಇರುವವರೇ ಅಡುಗೆ ತಂದಿದ್ದಾರಲ್ಲ ಎಂದಳು. ಮಯ್ಯಿತ್ ಎಂದರೆ ಹೆಣ; ಸಾವಾದ ಮನೆಯಲ್ಲಿ ನಮ್ಮವರು ಒಲೆ ಹಚ್ಚುವುದಿಲ್ಲ. ಉಳಿದವರು ಬೇರೆಲ್ಲೋ ನೋಡುತ್ತಾ ನಕ್ಕರು.

ವೇದಿಕೆಯ ಹಿಂದೆ ಬ್ಯಾನರ್ ಕಟ್ಟಿದ್ದರು. ನಡುವೆ ದೊಡ್ಡದಾಗಿ ಹುತಾತ್ಮ ಹಮ್ಮಬ್ಬ, ಸುತ್ತ ಉಳಿದವರು, ಕೊನೆಯ ಮೂಲೆಯಲ್ಲಿ ಮರ್ಹೂಂ ಇದಿನಬ್ಬ. ಅದರ ಮುಂದೆ ನಿಂತು ನೋಡುತ್ತಿದ್ದಾಗ ವಾರಿಜಾ ಬಂದಳು. ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಅಜ್ಜ ಉಗ್ಗಪ್ಪ ಬರ್ಮಾಕ್ಕೆ ಹೋಗಿ ಒಂದು ಕಾಲು ಕಳೆದುಕೊಂಡು ಬಂದವರು, ಅವರ ಫೋಟೋವೂ ಆ ಸಾಲಿನಲ್ಲಿತ್ತು. ಅವಳು ಬ್ಯಾನರ್ ನೋಡಿದಳು, ನನ್ನನ್ನು ನೋಡಿದಳು, ತನ್ನ ಚೀಲದಿಂದ ಗಾಯಕ್ಕೆ ಅಂಟಿಸುವ ಬಿಳಿ ಟೇಪಿನ ಸುರುಳಿ ತೆಗೆದು ಹಲ್ಲಿನಲ್ಲಿ ಒಂದು ತುಂಡು ಕಡಿದಳು. ಕುರ್ಚಿ ಹತ್ತಿ 'ಮರ್ಹೂಂ' ಎಂಬುದರ ಮೇಲೆ ಅಂಟಿಸಿದಳು.

"ಡ್ರೆಸಿಂಗ್ ಆಯಿತು ರಮ್ಲತ್" ಎಂದು ಇಳಿದಳು.

ಝೀನತ್ ಮೈಕಿನ ಬಳಿಯಿಂದ ಅದನ್ನು ನೋಡಿದಳು. ಬಂದು ಕೀಳಲಿಲ್ಲ. ಅಷ್ಟೇ.

ಬರ್ಮಾದವರ ಮಾತೆಲ್ಲ ಮುಗಿಯಿತು. ವಾರಿಜಾ, ಅಜ್ಜನ ಮರದ ಕಾಲನ್ನು ಮಕ್ಕಳಾಗಿದ್ದಾಗ ತಾವು ಕ್ರಿಕೆಟ್ ಬ್ಯಾಟು ಮಾಡಿಕೊಂಡದ್ದನ್ನು ಹೇಳಿ ಎಲ್ಲರನ್ನೂ ನಗಿಸಿದಳು. ಹಮ್ಮಬ್ಬರ ಬಗ್ಗೆ ಝೀನತ್ ಬರೆದದ್ದನ್ನು ಅವಳ ಮಗ ಓದಿದ. ಬಂಕರು, ಗುಂಡು, ಎದೆ. ಕೊನೆಗೆ ಇಸ್ರಾ ಎದ್ದಳು. ಅವಳಿಗೆ ಕನ್ನಡ ಓದಲು ಸರಿಯಾಗಿ ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಳು. ನನ್ನ ಅಜ್ಜನ ಬಗ್ಗೆ ನಾನು ಹೇಳುವುದಿಲ್ಲ, ಅವರೇ ಹೇಳುತ್ತಾರೆ ಎಂದು ಓದಿ ಫೋನನ್ನು ಮೈಕಿಗೆ ಹಿಡಿದಳು. ಇದು ನಾನು, ಇಸ್ರಾ, ಉಪ್ಪ ಮೂವರೇ ಮಾಡಿಕೊಂಡ ಏರ್ಪಾಡು. ಪರದೆಯ ಆಚೆ ಗುಸುಗುಸು ಎದ್ದಿತು. ಯಾರೋ ಎಐ ಎಂದರು, ಯಾರೋ ನಕ್ಕರು.

"ಅಸ್ಸಲಾಮು ಅಲೈಕುಂ. ನಾನು ಇದಿನಬ್ಬ. ಸತ್ತವ" ಎಂದಿತು ಉಪ್ಪನ ದನಿ.

ನಗು ನಿಂತಿತು. ಝೀನತ್ ಮೈಕಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಉಪ್ಪ ತಮ್ಮ ಬಗ್ಗೆ ಏನೂ ಹೇಳಲಿಲ್ಲ. ಹಮ್ಮಬ್ಬನ ಬಗ್ಗೆ ಹೇಳಿದರು. ಅವನು ಕಂಬಳಿಯೊಳಗೆ ಒಣಮೀನು ಅಡಗಿಸಿಡುತ್ತಿದ್ದ, ವಾಸನೆಗೆ ಇಡೀ ಬ್ಯಾರಕ್ಕಿನವರು ಅವನನ್ನು ಹೊರಗೆ ಮಲಗಿಸಿದ್ದರು. ಪಂಜಾಬಿನ ಹುಡುಗರಿಗೆ ಬಲೆ ಹೆಣೆಯುವುದನ್ನು ಕಲಿಸಿದ, ಆದರೆ ಅಲ್ಲಿ ಹಿಡಿಯಲು ಮೀನು ಇರಲಿಲ್ಲ, ಅವರು ಅದರಲ್ಲಿ ಈರುಳ್ಳಿ ತೂಗುಹಾಕಿದರು. ಲಾರಿಯಲ್ಲಿ ಪಕ್ಕ ಕುಳಿತರೆ ಬಾಯಿ ಮುಚ್ಚುತ್ತಿರಲಿಲ್ಲ. ತಮ್ಮನಿಗೆ ಮಕ್ಕಳಾದರೆ ಹೆಣ್ಣೇ ಆಗಬೇಕು, ಎರಡು ಜಡೆ ಹಾಕಿಸಿ ಬಂದರಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ.

ಇಷ್ಟಕ್ಕೆ ನಿಲ್ಲುತ್ತಿತ್ತೋ ಏನೋ. ಪರದೆಯ ಆಚೆಯಿಂದ ಸುಹೈಲ್ ಭಾಯ್ ಒಳ್ಳೆಯ ಮನಸ್ಸಿನಿಂದಲೇ ಕೂಗಿ ಕೇಳಿದರು: "ಇಚ್ಚಾ, ಅವರು ಹೇಗೆ ಹುತಾತ್ಮರಾದರು, ಅದನ್ನೂ ನಿಮ್ಮ ಬಾಯಲ್ಲಿ ಕೇಳುವ."

ಝೀನತ್‌ಳ ಬೆರಳು ಸ್ವಿಚ್ಚಿನ ಮೇಲೆ ಬಿಗಿಯಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಶಾಲೆಯ ದಾರಿಯದ್ದೇ.

ಉಪ್ಪ ಕೆಮ್ಮಿದರು. "ಅದನ್ನು ನಾನು ಒಮ್ಮೆ ಹೇಳಿದ್ದೇನೆ. ಅವನ ಉಮ್ಮ ಕೇಳಿದ್ದರು, ಅವರಿಗೆ ಹೇಳಿದೆ. ಕೇಳುವ ಹಕ್ಕು ಅವರದ್ದು. ಬೇರೆಯವರಿಗೆ ಹೇಳುವಂಥದ್ದು ಏನೂ ಇಲ್ಲ."

ಝೀನತ್ ಮೈಕ್ ಆರಿಸಿದಳು. ನಾನು ಎದ್ದು ನಿಂತೆ, ಜಗಳಕ್ಕೇ ನಿಂತೆ. ಆದರೆ ಅವಳು ಇಸ್ರಾಳ ಕೈಯಿಂದ ಫೋನ್ ತೆಗೆದುಕೊಂಡು, ಬ್ಯಾನರಿನ ಹಿಂದಕ್ಕೆ ಎರಡು ಹೆಜ್ಜೆ ಸರಿದು, ಅದನ್ನು ಮುಖದ ಹತ್ತಿರ ಹಿಡಿದಳು. ಬ್ಯಾರಿ ಭಾಷೆಯಲ್ಲಿ ಮಾತಾಡಿದಳು. ಎಷ್ಟೋ ವರ್ಷಗಳ ನಂತರ ಅವಳ ಬಾಯಲ್ಲಿ ನಮ್ಮ ಭಾಷೆಯನ್ನು ನಾನು ಕೇಳಿದ್ದು ಅಲ್ಲಿ.

"ಕೊನೆಗೆ ನೀರು ಕೊಟ್ಟದ್ದು ಯಾರು?"

ಎದೆಗೆ ಗುಂಡು ಬಿದ್ದವನ ಬಗ್ಗೆ ಯಾರೂ ಅದನ್ನು ಕೇಳುವುದಿಲ್ಲ.

"ನಾನು" ಎಂದರು ಉಪ್ಪ. "ಕಬ್ಬಿನ ಹಾಲು ಕೇಳಿದ. ಆ ಕಾಡಿನ ಆಸ್ಪತ್ರೆಯಲ್ಲಿ ಎಲ್ಲಿಂದ ತರುವುದು ಮಗಳೇ? ಚಮಚದಲ್ಲಿ ಬರೀ ನೀರು ಕೊಟ್ಟೆ. ಕುಡಿದ. ಕಲಿಮ ಹೇಳಿಸಿದೆ. ಹೇಳಿದ."

ಝೀನತ್ ಫೋನನ್ನು ನನಗೆ ಕೊಡದೆ ಇಸ್ರಾಳ ಕೈಗೇ ಹಿಂದೆ ಕೊಟ್ಟಳು. ಮೈಕ್ ಹಾಕಿ, ಊಟಕ್ಕೆ ಗಂಡಸರ ಕಡೆ ಮೊದಲು ಬಡಿಸಿ ಎಂದು ಕನ್ನಡದಲ್ಲಿ ಹೇಳಿದಳು. ದನಿಯಲ್ಲಿ ಏನೂ ಇರಲಿಲ್ಲ.

ನನ್ನ ಬಿರಿಯಾನಿಯನ್ನು ಅವಳ ಮನೆಯವರು ಮುಟ್ಟಲಿಲ್ಲ. ಅವಳ ತಮ್ಮ ಅಲ್ ಖರ್ಜ್‌ನಿಂದ ಗುಂಪಿನಲ್ಲಿ ಏನೋ ಬರೆದು, ಆಮೇಲೆ ಅಳಿಸಿಹಾಕಿದ್ದ. ಹೆಂಗಸರಲ್ಲಿ ಒಬ್ಬಿಬ್ಬರು ಉಪ್ಪನ ಆರೋಗ್ಯ ಕೇಳಿದರು, ಕೇಳುವಾಗ ಝೀನತ್ ಎಲ್ಲಿದ್ದಾಳೆಂದು ಸುತ್ತ ನೋಡಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆದು ಕೈ ಒರೆಸುತ್ತಾ ಬಂದಾಗ ಅವಳೊಬ್ಬಳೇ ಬ್ಯಾನರ್ ಬಿಚ್ಚಿ ನೆಲದ ಮೇಲೆ ಹಾಸಿ ಮಡಚುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ. ಬೇಡ ಎನ್ನಲಿಲ್ಲ. ಮೂಲೆಯಲ್ಲಿ ವಾರಿಜಾ ಅಂಟಿಸಿದ ಟೇಪು ಗಾಳಿಗೆ ಒಂದು ಕಡೆ ಎದ್ದಿತ್ತು, ಅದರಡಿ ಒಂದು ಅಕ್ಷರ ಕಾಣುತ್ತಿತ್ತು. ಝೀನತ್ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ಅಂಟಲಿಲ್ಲ. ಮತ್ತೆ ಒತ್ತಿ ಹಿಡಿದಳು.

"ಈ ಅಂಟು ನಿಲ್ಲುವುದಿಲ್ಲ" ಎಂದಳು, ಕನ್ನಡದಲ್ಲಿ, ನನ್ನ ಮುಖ ನೋಡದೆ. "ಮುಂದಿನ ವರ್ಷಕ್ಕೆ ಹೊಸತು ಪ್ರಿಂಟ್ ಮಾಡಿಸಬೇಕು. ಖರ್ಚು ನಿಮ್ಮದು."

"ನಡುವಿನ ಫೋಟೋದ ಕೆಳಗೆ ಎಂತ ಬರೆಸುವುದು?" ಎಂದು ಕೇಳಿದೆ.

ಅವಳು ಬ್ಯಾನರನ್ನು ನನ್ನ ಕೈಯಿಂದ ಎಳೆದುಕೊಂಡು ಕಂಕುಳಲ್ಲಿಟ್ಟು ಕಾರಿನ ಕಡೆ ಹೋದಳು.

ಬಾಟಲಿ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ. ರಜೆಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇಡಬೇಕು. ಬದುಕಿರುವವರೂ ಅದನ್ನು ಕುಡಿಯುತ್ತಾರೆ.